ಗೆಳೆಯನಿಗೊಂದು ಪತ್ರ: ಮೊದಲು ಹುಲಿ, ಆಮೇಲೆ ಕರು

ಲೋ ಗುಂಡಾ,

ಫೋನ್ ಎತ್ತಲ್ಲ ನೀನು. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೀತಿದ್ದೇನೆ. ಮರ್ಯಾದೆಗಾದರೂ ಉತ್ತರ ಕೊಡ್ತೀಯ.

ಅತಿಥಿ ಶಿಕ್ಷಕನ ಪ್ರವರ ಕೇಳು. ನನ್ನದು ನಲಿ-ಕಲಿ, ಅಂದರೆ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳು ಆಡ್ತಾ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದದ್ದು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆ. ಈಗ ಚಿತ್ರ ಜೋಡಿಸಿ ಕಥೆ ಹೇಳಿಸುತ್ತಿದ್ದೇನೆ. ಬಾಯಾರಿದ ಕಾಗೆ ಕೊಟ್ಟೆ. ಒಬ್ಬಳು ನೀರು ಕುಡಿಯುವ ಚಿತ್ರ ಮೊದಲು ಇಟ್ಟಳು, ಕಲ್ಲು ಹಾಕುವುದು ಆಮೇಲೆ. 'ಇನ್ನೊಂದು ಕಾಗೆಗೂ ನೀರು ಸಿಗ್ಲಿ ಅಂತ ಸರ್.' ತಪ್ಪು ಅನ್ನೋಕೆ ಬಾಯಿ ಬರಲಿಲ್ಲ. 'ಆಮೇಲೇನಾಯ್ತು' ಅಂದರೆ ಮಕ್ಕಳು ಏನನ್ನಾದರೂ ಪೋಣಿಸುತ್ತವೆ. 'ಕಲ್ಲು ಹಾಕದೇ ಇದ್ರೆ ನೀರು ಮೇಲೆ ಬರ್ತಿತ್ತಾ?' ಅಂತ ಕೇಳಿದಾಗಲೇ ಕಾರ್ಡು ಜಾಗ ಬದಲಿಸುವುದು.

ಆಮೇಲೆ ಪುಣ್ಯಕೋಟಿ. ಚಿತ್ರ ನಾನೇ ಬರೆದೆ. ಹಸು ಎಮ್ಮೆ ಥರ ಇದೆ, ನಗಬೇಡ. ಬೆಳಿಗ್ಗೆ ಕರುವಿಗೆ ಹಾಲು ಕೊಡುವುದು ಒಂದು ಕಾರ್ಡು. ಹುಲಿಗೆ ಮಾತು ಕೊಟ್ಟು ಬಂದು ಕೊನೆಯ ಸಲ ಹಾಲು ಕೊಡುವುದು ಇನ್ನೊಂದು. ಎರಡೂ ಒಂದೇ ಥರ ಬಂದುಬಿಟ್ಟಿವೆ. ಒಬ್ಬ ಹುಡುಗ ಎರಡನ್ನೂ ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡಿದ. ಒಂದನ್ನು ಹುಲಿಯ ಕಾರ್ಡಿನ ಮುಂಚೆ ಇಟ್ಟ, ಇನ್ನೊಂದನ್ನು ಆಚೆಗೆ. 'ಇದರಲ್ಲಿ ಕರುವಿಗೆ ಇನ್ನೂ ಗೊತ್ತಿಲ್ಲ ಸರ್' ಅಂದ.

ನನಗೆ ಆ ಹೊತ್ತಿಗೆ ನೆನಪಾದದ್ದು ಬೇರೆ. ನಾನು ಊರಿಗೆ ಬಂದ ಕಥೆ ನಿನಗೆ ಗೊತ್ತಲ್ಲ. ಅಪ್ಪನಿಗೆ ಹುಷಾರಿಲ್ಲ, ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದ. ಮದುವೆ ಮನೆಗಳಲ್ಲಿ ಇದನ್ನೇ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೇನೆ. ಕೆಲಸ ಹೋಗಿದ್ದು ಯುಗಾದಿಗೂ ಮೊದಲೇ ಕಣೋ. ಬಿಟ್ಟದ್ದಲ್ಲ, ತೆಗೆದರು. ಅಪ್ಪ ಹಾಸಿಗೆ ಹಿಡಿದದ್ದು ಮಳೆಗಾಲದಲ್ಲಿ. ಅವರಿಗೂ ಎಲ್ಲ ಗೊತ್ತಿತ್ತು. ಆದರೂ ನೆಂಟರು ಬಂದಾಗ, 'ನನ್ನ ಸಲುವಾಗಿ ಬಂದುಬಿಟ್ಟ' ಅಂತ ಅವರೇ ಮೊದಲು ಶುರು ಮಾಡುತ್ತಿದ್ದರು. ನಾನು ಸುಮ್ನೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಸರಿ, ಜಾಸ್ತಿ ಆಯ್ತು. ಇದನ್ನೆಲ್ಲ ಅಳಿಸಬೇಕಿತ್ತು, ಆದರೆ ಟೈಪ್ ಮಾಡಿದ ಕಷ್ಟ ಇದೆಯಲ್ಲ! ಅಷ್ಟಕ್ಕೂ ನಮ್ಮಂಥವರ ಬಾಳಲ್ಲಿ ಕ್ರಮ ಎಲ್ಲಿದೆ? ಖರ್ಚು ಮೊದಲು, ಗೌರವಧನ ಆಮೇಲೆ. ಆದರೆ ಸೋಡಾ ಬಾಟ್ಲಿ ಪ್ರಕರಣದಲ್ಲಿ ಮೊದಲು ಓಡಿದ್ದು ನೀನೇ. ಅತ್ತಿಗೆ, ನೀವೂ ಇದನ್ನು ಓದುತ್ತಿದ್ದರೆ ಅವನನ್ನೇ ಕೇಳಿ.

ನಿನ್ನ,
ಮೇಷ್ಟ್ರು