ಶ್ರೀಧರಾ, ಆ ಡಬ್ಬಿಗಳನ್ನು ಸದ್ಯಕ್ಕೆ ತಗೋಬೇಡ

ಪ್ರೀತಿಯ ಶ್ರೀಧರ,

ನೀನು ಕಳಿಸಿದ ಪಟ್ಟಿ ನೋಡಿದೆ. ವೇ ಪ್ರೋಟೀನ್, ಬಿಸಿಎಎ, ಎಲ್-ಕಾರ್ನಿಟಿನ್, ಪ್ರೀ-ವರ್ಕೌಟ್ ಪುಡಿ, ಎಲೆಕ್ಟ್ರೋಲೈಟ್ ಮಾತ್ರೆ, ಕೊನೆಗೆ ಒಂದು ಫ್ಯಾಟ್ ಬರ್ನರ್. ಸೈಕಲ್ ತಗೊಂಡು ಇನ್ನೂ ಎರಡು ತಿಂಗಳು ಆಗಿಲ್ಲ. 92 ಕಿಲೋ ಇರುವ ತೂಕ 78ಕ್ಕೆ ಇಳಿಯಬೇಕು, ನಂದಿ ಬೆಟ್ಟವನ್ನು ಕಾಲು ಕೆಳಗಿಡದೆ ಹತ್ತಬೇಕು ಅಂತ ಬರೆದಿದ್ದೀಯ. ಎರಡೂ ಆಗುವ ಕೆಲಸಗಳೇ. ಆದರೆ ಅದಕ್ಕೆ ಈ ಪಟ್ಟಿ ಬೇಡ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ ಅಂತ ಕೂತು ಬರೆಯುತ್ತಿದ್ದೇನೆ. ಹೊಸದಾಗಿ ಸೈಕಲ್ ಹತ್ತಿದ ಬೇರೆಯವರಿಗೂ ಉಪಯೋಗ ಆಗಲಿ, ಎಲ್ಲರೂ ಓದುವ ಹಾಗೆ ಹಾಕು ಅಂತ ನೀನೇ ಹೇಳಿದೆಯಲ್ಲ, ಹಾಗೇ ಮಾಡಿದ್ದೇನೆ.

ಮೊದಲು ಆ ಫ್ಯಾಟ್ ಬರ್ನರ್ ವಿಷಯ. ಡಬ್ಬಿಯ ಹಿಂದೆ ಗಾರ್ಸೀನಿಯಾ ಕಾಂಬೋಜಿಯಾ ಅಂತ ಇದೆ. ಅದು ಬೇರೇನೂ ಅಲ್ಲ ಮಾರಾಯ, ಅಡುಗೆಗೆ ಹಾಕುವ ನಮ್ಮ ಹುಳಿ ಹಣ್ಣು ಉಪ್ಪಾಗೆ. ಮಳೆಗಾಲದಲ್ಲಿ ನಿನ್ನ ಆಯಿ ಸಿಪ್ಪೆ ಬಿಡಿಸಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಿದ್ದಳಲ್ಲ, ಬೀಜದಿಂದ ತುಪ್ಪ ತೆಗೆಯುತ್ತಿದ್ದಳಲ್ಲ, ಅದೇ. ಕೊಡಗಿನವರು ಇದೇ ಹಣ್ಣಿನ ರಸ ಕಾಯಿಸಿ ಅಡುಗೆಯ ಹುಳಿ, ಕಾಚಂಪುಳಿ ಮಾಡುತ್ತಾರೆ. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುತ್ತದೆ. ಅದು ದೇಹದಲ್ಲಿ ಕೊಬ್ಬು ತಯಾರಾಗುವುದನ್ನು ತಡೆಯುತ್ತದೆ ಅಂತ ಹೇಳಿ ಮಾತ್ರೆ ಮಾಡಿ ಮಾರುತ್ತಾರೆ. ನಿಜವಾಗಿಯೂ ತಡೆಯುತ್ತದಾ ಅಂತ ಅಮೆರಿಕದಲ್ಲಿ ಪರೀಕ್ಷೆ ಮಾಡಿದರು. ವರದಿ 1998ರಲ್ಲಿ ಬಂತು. 135 ಜನ, 12 ವಾರ, ಎಲ್ಲರಿಗೂ ಒಂದೇ ರೀತಿಯ ಕಡಿಮೆ ಕ್ಯಾಲೊರಿಯ ಊಟ. ಅರ್ಧ ಜನಕ್ಕೆ ಉಪ್ಪಾಗೆಯ ಸಾರ, ಇನ್ನರ್ಧ ಜನಕ್ಕೆ ಏನೂ ಇಲ್ಲದ ಮಾತ್ರೆ. ಸಾರ ತಗೊಂಡವರು ಸರಾಸರಿ 3.2 ಕಿಲೋ ಇಳಿದರು. ಖಾಲಿ ಮಾತ್ರೆ ನುಂಗಿದವರು 4.1 ಕಿಲೋ ಇಳಿದರು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸಕ್ಕೆ ಅರ್ಥ ಇಲ್ಲ, ಎರಡೂ ಒಂದೇ. ಅಂದರೆ ತೂಕ ಇಳಿಸಿದ್ದು ಊಟ.

ಸಾರಿಗೆ ಹಾಕುವ ಉಪ್ಪಾಗೆಗೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಸಾಂದ್ರ ಮಾಡಿ ಮಾತ್ರೆಗೆ ತುಂಬಿದ್ದಕ್ಕೆ. ಅಂಥ ಮಾತ್ರೆ ತಗೊಂಡವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿವೆ. ಹಸಿರು ಚಹಾದ ಸಾಂದ್ರ ಸಾರದ ಕಥೆಯೂ ಹಾಗೇ. ಇನ್ನೂ ದೊಡ್ಡ ಅಪಾಯ ಡಬ್ಬಿಯ ಮೇಲೆ ಬರೆಯದೇ ಇರುವುದರಲ್ಲಿದೆ. ಸಿಬುಟ್ರಮಿನ್ ಅಂತ ಹಸಿವು ಕಡಿಮೆ ಮಾಡುವ ಔಷಧಿ ಇತ್ತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿಯಾಗುತ್ತದೆ ಅಂತ 2010ರಲ್ಲಿ ಯುರೋಪ್, ಅಮೆರಿಕದಲ್ಲಿ ಅದನ್ನು ವಾಪಸ್ ತಗೊಂಡರು, 2011ರಲ್ಲಿ ನಮ್ಮಲ್ಲೂ ನಿಷೇಧಿಸಿದರು. ಆಮೇಲೂ ‘ಗಿಡಮೂಲಿಕೆ’ ಅಂತ ಮಾರುವ ಸಣ್ಣಗಾಗುವ ಮಾತ್ರೆಗಳಲ್ಲಿ ಅದು ಮತ್ತೆ ಮತ್ತೆ ಸಿಕ್ಕಿದೆ. ನಿನಗೆ ಬಿಪಿ ಮೊದಲೇ ಮೇಲಿದೆ. ದಯವಿಟ್ಟು ಇದೊಂದನ್ನು ಮುಟ್ಟಬೇಡ. ಉಳಿದವುಗಳ ಬಗ್ಗೆ ನಾವು ವಾದ ಮಾಡಬಹುದು, ಇದರ ಬಗ್ಗೆ ಬೇಡ.

ಇನ್ನು ತೂಕದ ಲೆಕ್ಕಕ್ಕೆ ಬರೋಣ. ನೀನು ಒಂದು ಗಂಟೆ ತುಳಿದರೆ ನಿನ್ನ ವಾಚು 800 ಕ್ಯಾಲೊರಿ ಅಂತ ತೋರಿಸುತ್ತದಲ್ಲ, ಅದನ್ನು ನಂಬಬೇಡ. ಹೊಸಬರು ಗಂಟೆಗಟ್ಟಲೆ ತುಳಿಯುವಾಗ ಕಾಲಿನಿಂದ ಬರುವ ಶಕ್ತಿ ಹೆಚ್ಚುಕಡಿಮೆ 100ರಿಂದ 120 ವಾಟ್. 100 ವಾಟ್ ಒಂದು ಗಂಟೆ ಅಂದರೆ 360 ಕಿಲೋಜೂಲ್ ಕೆಲಸ. ನಮ್ಮ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಹಾಗಾಗಿ ಕಿಲೋಜೂಲ್ ಸಂಖ್ಯೆಯನ್ನೇ ಕ್ಯಾಲೊರಿ ಅಂತ ಇಟ್ಟುಕೊಂಡರೆ ತಪ್ಪಾಗುವುದಿಲ್ಲ. ಗಂಟೆಗೆ 360ರಿಂದ 430. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಬರೀ ತುಳಿದೇ ಕರಗಿಸುತ್ತೇನೆ ಅಂದರೆ ಒಂದು ಕಿಲೋಗೆ ಸುಮಾರು 20 ಗಂಟೆ ಬೇಕು. ಅಷ್ಟರಲ್ಲಿ ಹಸಿವು ತನ್ನ ಪಾಲು ಕೇಳಿಯೇ ಕೇಳುತ್ತದೆ.

ಆದ್ದರಿಂದ ತೂಕ ಇಳಿಸುವ ಜಾಗ ಅಡುಗೆಮನೆ. ದಿನಕ್ಕೆ 400–500 ಕ್ಯಾಲೊರಿ ಕಡಿಮೆಯಾದರೆ ವಾರಕ್ಕೆ ಅರ್ಧ ಕಿಲೋ ಹತ್ತಿರ ಇಳಿಯುತ್ತದೆ. 14 ಕಿಲೋಗೆ ಆರೇಳು ತಿಂಗಳು, ನಡುವೆ ಹಬ್ಬ ಮದುವೆ ಸೇರಿಸಿದರೆ ಇನ್ನೂ ಸ್ವಲ್ಪ. ಅವಸರ ಬೇಡ. ನಿನ್ನ ದಿನ ನನಗೆ ಗೊತ್ತಲ್ಲ: ಆಫೀಸಿನಲ್ಲಿ ನಾಲ್ಕು ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಅಲ್ಲೇ 160 ಆಯ್ತು. ಸಂಜೆಯ ಬಜ್ಜಿ, ಟಿವಿ ಮುಂದಿನ ಮಿಕ್ಸ್ಚರ್. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇರುತ್ತದೆ. ಇವಿಷ್ಟು ಸರಿಮಾಡಿ, ರಾತ್ರಿ ಅನ್ನ ಒಂದು ಸೌಟು ಕಡಿಮೆ ಮಾಡಿ ಪಲ್ಯ, ಕಾಳು ಜಾಸ್ತಿ ಮಾಡಿದರೆ ಬೇಕಾದ ಅಂತರ ಸಿಗುತ್ತದೆ. ಅನ್ನ ಪೂರ್ತಿ ಬಿಡಬೇಡ. ತುಳಿಯುವವನಿಗೆ ಅದು ಬೇಕು.

ಸ್ನಾಯುಗಳಲ್ಲಿ, ಲಿವರಿನಲ್ಲಿ ಸಕ್ಕರೆ ಗ್ಲೈಕೊಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಒಟ್ಟು ಅರ್ಧ ಕಿಲೋ ಆಸುಪಾಸು. ಪ್ರತಿ ಗ್ರಾಂ ಗ್ಲೈಕೊಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಅನ್ನ ಬಿಟ್ಟ ಮೊದಲ ವಾರದಲ್ಲೇ ಎರಡು ಕಿಲೋ ಇಳಿದೆ ಅಂತ ಜನ ಖುಷಿಪಡುತ್ತಾರಲ್ಲ, ಅದರಲ್ಲಿ ಬಹುಪಾಲು ಈ ನೀರು. ಹಾಗೇ ಭಾನುವಾರ ಸವಾರಿ ಮುಗಿಸಿ ತೂಕ ನೋಡಿದರೆ ಕಾಣುವ ಇಳಿತ ಬೆವರಿನದ್ದು. ತೂಕ ನೋಡುವುದಾದರೆ ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ನೋಡು, ವಾರದ ಸರಾಸರಿ ಬರೆದಿಡು.

ನಿನ್ನ ಪತ್ರದಲ್ಲಿ ನನಗೆ ಬೇಸರ ತಂದ ಸಾಲು ಇನ್ನೊಂದು ಇತ್ತು. ‘ಕೊಬ್ಬು ಕರಗಲಿ ಅಂತ ಏನೂ ತಿನ್ನದೆ ಹೊರಟಿದ್ದೆ, ದೇವನಹಳ್ಳಿ ದಾಟುವಾಗ ಕೈ ನಡುಗಿ, ಕಣ್ಣು ಕತ್ತಲೆ ಬಂದು ರಸ್ತೆ ಬದಿ ಕೂತೆ.’ ಇದನ್ನೇ ಸೈಕಲ್ಲಿನವರು ಬಾಂಕ್ ಆಗೋದು ಅನ್ನುತ್ತಾರೆ. ದೇಹದಲ್ಲಿ ಸಕ್ಕರೆ ಮುಗಿಯಿತು ಅಂತ ಅರ್ಥ. ಹೆದ್ದಾರಿಯ ಲಾರಿಗಳ ನಡುವೆ ಕಣ್ಣು ಕತ್ತಲೆ ಬಂದರೆ ಏನಾಗುತ್ತದೆ ಹೇಳು. ಹಸಿದು ತುಳಿಯುವುದನ್ನು ಇವತ್ತೇ ನಿಲ್ಲಿಸು. ಒಂದು ಗಂಟೆಯ ಹಗುರ ಸವಾರಿಗೆ ನೀರು ಸಾಕು, ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಲೇಬೇಕು. ಟೂರ್ ಡಿ ಫ್ರಾನ್ಸಿನಲ್ಲಿ ಓಡಿಸುವವರು ಎಷ್ಟು ತೆಳ್ಳಗಿರುತ್ತಾರೆ ನೋಡಿದ್ದೀಯಲ್ಲ? ಅವರಲ್ಲಿ ಹಲವರು ಈಗ ಗಂಟೆಗೆ 90 ಗ್ರಾಂ, ಅದಕ್ಕೂ ಜಾಸ್ತಿ ತಿನ್ನುತ್ತಾರೆ. ಅವರ ಮೈ ಹಾಗಿರುವುದು ಸೈಕಲ್ ಮೇಲೆ ಉಪವಾಸ ಮಾಡಿ ಅಲ್ಲ.

ಇದಕ್ಕೆ ಜೆಲ್ ಪ್ಯಾಕೆಟ್ ಬೇಕಿಲ್ಲ. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ. ಎರಡು ದೊಡ್ಡ ಚಮಚ ಜೋನಿಬೆಲ್ಲದಲ್ಲಿ (ನೀರಾಗಿರುವ ಬೆಲ್ಲ) ಸುಮಾರು 30. ನಾನು ಬಾಟಲಿಗೆ ಜೋನಿಬೆಲ್ಲ, ಲಿಂಬೆ ರಸ, ಒಂದು ಚಿಟಿಕೆ ಉಪ್ಪು ಹಾಕಿಕೊಂಡು ಹೋಗುತ್ತೇನೆ. ಬ್ರೆವೆ ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, 200 ಕಿಲೋಮೀಟರಿನದ್ದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅಷ್ಟು ಉದ್ದದ ದಿನಕ್ಕೂ ಇದು, ಬಾಳೆಹಣ್ಣು, ಶೇಂಗಾ ಚಿಕ್ಕಿ, ದಾರಿಯಲ್ಲಿ ಸಿಕ್ಕ ಇಡ್ಲಿ ನನಗೆ ಸಾಲುತ್ತವೆ. ಹಸಿವಾಗುವವರೆಗೆ ಕಾಯಬೇಡ. ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನು. ಇದರಿಂದ ಇನ್ನೊಂದು ಲಾಭ ಇದೆ, ಮನೆಗೆ ಬಂದು ಎದುರಿಗೆ ಕಂಡಿದ್ದೆಲ್ಲ ತಿನ್ನುವ ಹಪಾಹಪಿ ಇರುವುದಿಲ್ಲ. ಹೊಸಬರ ತೂಕ ಇಳಿಯದೇ ಇರುವುದು ಬಹಳ ಸಲ ಅಲ್ಲೇ.

ಪ್ರೋಟೀನ್ ವಿಷಯ ಸ್ವಲ್ಪ ಬೇರೆ. ಇಲ್ಲಿ ನಿನ್ನ ಚಿಂತೆ ಸರಿಯಾಗಿದೆ. ತೂಕ ಇಳಿಸುವಾಗ ಸ್ನಾಯು ಕರಗಬಾರದು. ನಮ್ಮ ಸಸ್ಯಾಹಾರಿ ಊಟದಲ್ಲಿ ಅನ್ನ, ತಂಬುಳಿ, ಸಾರು ಜಾಸ್ತಿ, ಕಾಳು ಕಡಿಮೆ. ಭಾರತೀಯರಿಗೆ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ದಿನದ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ. ಚೆನ್ನಾಗಿ ವ್ಯಾಯಾಮ ಮಾಡುವವರಿಗೆ ಕ್ರೀಡಾ ಪೋಷಣೆಯವರು 1.4ರಿಂದ ಮೇಲಕ್ಕೆ ಹೇಳುತ್ತಾರೆ. ನಿನ್ನ ಗುರಿಯ ತೂಕಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ 100 ಗ್ರಾಂ ಆಸುಪಾಸು ಇಟ್ಟುಕೋ. 50 ಗ್ರಾಂ ಒಣ ಸೋಯಾ ಚಂಕ್ಸಿನಲ್ಲಿ 25 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ಹೆಸರುಕಾಳು ಅಥವಾ ಹುರುಳಿಯಲ್ಲಿ 11–12. ಒಂದು ಹಿಡಿ ಶೇಂಗಾದಲ್ಲಿ ಏಳೆಂಟು. 100 ಗ್ರಾಂ ಪನೀರಿನಲ್ಲಿ 18ರ ಹತ್ತಿರ. ದಿನಕ್ಕೆ ಮೂರು ಲೋಟ ಹಾಲು ಮೊಸರು ಸೇರಿ ಇನ್ನೊಂದು 18–20. ಮೊಟ್ಟೆ ತಿನ್ನುವ ಅಭ್ಯಾಸ ಬೆಂಗಳೂರಿನಲ್ಲಿ ಶುರುವಾಗಿದ್ದರೆ ಒಂದಕ್ಕೆ ಆರು. ಮೂರು ಹೊತ್ತಿಗೂ ಹಂಚಿಕೊಂಡರೆ ಡಬ್ಬಿ ಇಲ್ಲದೆಯೇ ಲೆಕ್ಕ ಮುಟ್ಟುತ್ತದೆ.

ವೇ ಪ್ರೋಟೀನ್ ವಿಷ ಏನಲ್ಲ. ಹಾಲಿನಿಂದ ಚೀಸ್ ಮಾಡುವಾಗ ಉಳಿಯುವ ನೀರಿನಿಂದ ತೆಗೆದ ಪುಡಿ, ಅಷ್ಟೇ. ತೊಂದರೆ ಇರುವುದು ನಂಬಿಕೆಯದ್ದು. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ನಮ್ಮ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿತು. ಸುಮಾರು ಶೇ. 70ರಷ್ಟರಲ್ಲಿ ಲೇಬಲ್ಲಿಗೂ ಒಳಗಿರುವುದಕ್ಕೂ ತಾಳೆ ಆಗಲಿಲ್ಲ. ಕೆಲವದರಲ್ಲಿ ಬೂಷ್ಟಿನಿಂದ ಬರುವ ವಿಷವೂ ಸಿಕ್ಕಿತು. ಪ್ರೋಟೀನ್ ಅಳೆಯುವ ಸಾಮಾನ್ಯ ವಿಧಾನದಲ್ಲಿ ಸಾರಜನಕ ಎಷ್ಟಿದೆ ಅಂತ ನೋಡುತ್ತಾರೆ. ಅದಕ್ಕೇ ಸಾರಜನಕ ಇರುವ ಗ್ಲೈಸಿನ್, ಟೌರಿನ್ ಥರದ ಅಗ್ಗದ ಪದಾರ್ಥ ಸೇರಿಸಿ ಸಾರಜನಕ ಏರಿಸಿಬಿಟ್ಟರೆ ಅಂಕಿ ಚೆನ್ನಾಗಿ ಕಾಣುತ್ತದೆ. ಮೂರು ತಿಂಗಳು ಊಟ ಸರಿಮಾಡಿ ನೋಡು. ಆಮೇಲೂ ಕೊರತೆ ಇದ್ದರೆ, ಕಿಡ್ನಿ ಸರಿಯಿದೆ ಅಂತ ಡಾಕ್ಟರ್ ಹೇಳಿದರೆ, ದಿನಕ್ಕೆ ಒಂದು ಸ್ಕೂಪ್ ತಗೋ. ಯಾವುದು ಅಂತ ಆಗ ಇಬ್ಬರೂ ಕೂತು ನೋಡೋಣ.

ಬಿಸಿಎಎ ಬೇಡ, ಅದು ಪ್ರೋಟೀನಿನಲ್ಲಿರುವ ಮೂರು ಅಮೈನೋ ಆಮ್ಲಗಳ ಪುಡಿ, ಅವು ಬೇಳೆ, ಮೊಸರಿನಲ್ಲೇ ಇವೆ. ಕೊಬ್ಬು ಕರಗಿಸುತ್ತದೆ ಅಂತ ಮಾರುವ ಕಾರ್ನಿಟಿನ್ ಕೂಡ ಬೇಡ, ಅದನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಪ್ರೀ-ವರ್ಕೌಟ್ ಪುಡಿಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಕೆಫೀನ್. ಕೆಫೀನ್ ಓಟಕ್ಕೆ, ಸೈಕಲ್ಲಿಗೆ ಸಹಾಯ ಮಾಡುತ್ತದೆ ಅನ್ನುವುದು ನಿಜವೇ. ಆದರೆ ಕೆಲವು ಪುಡಿಗಳ ಒಂದೇ ಚಮಚದಲ್ಲಿ 200–300 ಮಿಲಿಗ್ರಾಂ ಇರುತ್ತದೆ. ಆರೋಗ್ಯವಂತರಿಗೆ ಇಡೀ ದಿನಕ್ಕೆ ಹೇಳುವ ಮಿತಿ 400. ನೀನು ಹೊರಡುವ ಮುಂಚೆ ಅರ್ಧ ಲೋಟ ಫಿಲ್ಟರ್ ಕಾಫಿ ಕುಡಿ, ಸಾಕು.

ಎಲೆಕ್ಟ್ರೋಲೈಟ್‌ಗೂ ಅಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ಮೂರು ನಾಲ್ಕು ಗಂಟೆ ತುಳಿದರೆ ಉಪ್ಪು ಬೇಕು. ದಿನದ ಒಂದು ಗಂಟೆಗೆ ಬೇಡ, ಅದರಲ್ಲೂ ಬಿಪಿ ಇರುವವನಿಗೆ. ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಕೇಳಿದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ಯಾಕೆಟ್ಟನ್ನೇ ಕೇಳು. ಅದರಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್ ಇರುತ್ತದೆ. ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಬಳಸಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರಿನಲ್ಲಿ ಕಟ್ಟುನಿಟ್ಟು ಮಾಡಿದೆ. ಮತ್ತೆ, ಬಾಯಾರಿಕೆ ಇಲ್ಲದಿದ್ದರೂ ಬಾಟಲಿ ಮೇಲೆ ಬಾಟಲಿ ನೀರು ಕುಡಿಯಬೇಡ. ರಕ್ತದಲ್ಲಿ ಸೋಡಿಯಂ ತೀರಾ ಇಳಿದು ಆಸ್ಪತ್ರೆ ಸೇರಿದವರಿದ್ದಾರೆ.

ಈಗ ದುಡ್ಡು ಖರ್ಚು ಮಾಡಬೇಕಾದ ಒಂದು ಜಾಗ ಹೇಳುತ್ತೇನೆ, ರಕ್ತ ಪರೀಕ್ಷೆ. ಸಕ್ಕರೆ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ತುಂಬಾ ಸಾಮಾನ್ಯ. ನೀನು ಹೇಳುವ ಸುಸ್ತು, ಕಾಲು ಜೋಮು ಅದರಿಂದಲೂ ಇರಬಹುದು. ಹಾಗಿದ್ದರೆ ಡಾಕ್ಟರ್ ಬರೆದುಕೊಡುವ ಮಾತ್ರೆ ನಿನ್ನ ಪಟ್ಟಿಯಲ್ಲಿರುವ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. 40 ದಾಟಿದೆ, ಬಿಪಿ ಇದೆ, ಆದ್ದರಿಂದ ಇಸಿಜಿಯನ್ನೂ ಮಾಡಿಸು. ಏರು ಹತ್ತುವ ಮೊದಲು ಅದು ಆಗಲಿ.

ನಂದಿಗೆ ಅವಸರ ಯಾಕೆ? 1,478 ಮೀಟರ್ ಎತ್ತರದ ಬೆಟ್ಟ, ಕೊನೆಯ ಏಳೆಂಟು ಕಿಲೋಮೀಟರ್ ಏರು. ಏರಿನಲ್ಲಿ ತೂಕಕ್ಕೆ ನಿಜವಾಗಿ ಬೆಲೆ ಇದೆ. ನೀನೂ ಸೈಕಲ್ಲೂ ಸೇರಿ 105 ಕಿಲೋ ಅಂದುಕೋ, ಐದು ಕಿಲೋ ಇಳಿದರೆ ಅದೇ ಶಕ್ತಿಯಲ್ಲಿ ಹೆಚ್ಚುಕಡಿಮೆ ಶೇ. 5ರಷ್ಟು ಬೇಗ ಹತ್ತುತ್ತೀಯ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನ ತುಳಿ, ಭಾನುವಾರ ಸ್ವಲ್ಪ ಉದ್ದ ಹೋಗು. ಸಣ್ಣ ಗೇರಿನಲ್ಲಿ ಕಾಲು ಬೇಗ ಬೇಗ ತಿರುಗಲಿ, ಮೊಣಕಾಲಿಗೆ ಒಳ್ಳೆಯದು.

ರಿಪೋರ್ಟ್ ಬಂದ ತಕ್ಷಣ ಫೋಟೋ ಕಳಿಸು. ದೀಪಾವಳಿಗೆ ಊರಿಗೆ ಬರುವಾಗ ಸೈಕಲ್ಲನ್ನೂ ಬಸ್ಸಿಗೆ ಹಾಕಿಕೊಂಡು ಬಾ. ಬನವಾಸಿಗೆ ಹೋಗಿಬರೋಣ, ಎರಡೂ ಕಡೆ ಸೇರಿ 50 ಕಿಲೋಮೀಟರ್ ಒಳಗೇ ಆಗುತ್ತದೆ, ದೊಡ್ಡ ಏರು ಇಲ್ಲ. ಬೆಳಿಗ್ಗೆ ಆರಕ್ಕೆ ಹೊರಡೋಣ. ತಿಂಡಿ ತಿಂದೇ ಬಾ.

ನಿನ್ನ,
ರಾಘು