ಭಜನಾ ಮೇಳಕ್ಕೆ ಎಂಟು ಮೈಕ್ ಏಕೆ?

ಮಾನ್ಯ ಸಂಪಾದಕರೇ,

ಜಾತ್ರೆಯಿರಲಿ, ಶ್ರಾವಣದ ಭಜನೆಯಿರಲಿ, ಆರ್ಕೆಸ್ಟ್ರಾಕ್ಕೆ ಹಾಕುವ ಸೌಂಡ್ ಸಿಸ್ಟಮ್ಮನ್ನೇ ತತ್ವಪದ ಮೇಳಕ್ಕೂ ಹಾಕುವುದು ಕಲಬುರಗಿ ಸೀಮೆಯಲ್ಲಿ ರೂಢಿಯಾಗುತ್ತಿದೆ. ಎಂಟು ಜನರ ಮೇಳವಾದರೆ ಎಂಟು ಮೈಕ್. ಕೊನೆಗೆ ಕೇಳಿಸುವುದು ತಾಳ, ತಬಲಾ ಎರಡೇ. ಏಕತಾರಿ ಕಣ್ಣಿಗೆ ಕಾಣುತ್ತದೆ, ಕಿವಿಗೆ ಬೀಳುವುದಿಲ್ಲ. ತತ್ವಪದಕಾರರಾದ ಕಡಕೋಳ ಮಡಿವಾಳಪ್ಪನವರ, ಖೈನೂರು ಕೃಷ್ಣಪ್ಪನವರ ಪದಗಳಿಗೆ ಜನ ಬಂದು ಕೂಡುವುದು ನುಡಿಗಾಗಿ. ಅದಕ್ಕೆ ಎಕೋ ಬಿಟ್ಟರೆ ಒಂದು ಶಬ್ದದ ಬಾಲ ಮುಂದಿನ ಶಬ್ದದ ಮೇಲೆ ಬಿದ್ದು ಒಡಪಿನಂಥ ಸಾಲೆಲ್ಲ ಗದ್ದಲವಾಗುತ್ತದೆ. ಎಕೋ ಕಡಿಮೆ ಮಾಡಿದರೆ ಸಾಲದು, ಪೂರ್ತಿ ಬಂದ್ ಮಾಡಬೇಕು.

ಮೈಕ್ ಹೆಚ್ಚಿದಷ್ಟೂ ದನಿ ಚೊಕ್ಕವಾಗುತ್ತದೆ ಎಂಬುದೇ ತಪ್ಪು ತಿಳಿವಳಿಕೆ. ಅಕ್ಕಪಕ್ಕದ ಎರಡು ಮೈಕ್‌ಗಳು ಒಂದೇ ದನಿಯನ್ನು ಚೂರು ಹಿಂದುಮುಂದಾಗಿ ಹಿಡಿಯುತ್ತವೆ. ಎರಡೂ ಕೂಡಿದಾಗ ದನಿ ಡಬ್ಬಿಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಅಲ್ಲದೆ ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ, ಸ್ಪೀಕರ್ ಸೀಟಿ ಹೊಡೆಯದಂತೆ ಏರಿಸಬಹುದಾದ ವಾಲ್ಯೂಮ್ ಸುಮಾರು 3 ಡೆಸಿಬಲ್ ಇಳಿಯುತ್ತದೆ. ಒಂದು ಮೈಕ್ ಎಂಟಾದರೆ, ಅಂದರೆ ಮೂರು ಸಲ ಎರಡು ಪಟ್ಟಾದರೆ, 9 ಡೆಸಿಬಲ್ ನಷ್ಟ.

ಅಮೆರಿಕದ ಬ್ಲೂಗ್ರಾಸ್ ತಂಡಗಳನ್ನು ನೋಡಿ. ಬಿಲ್ ಮನ್ರೋ 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ರೇಡಿಯೋ ಕಾರ್ಯಕ್ರಮಕ್ಕೆ ಸೇರಿದ ಮೇಲೆ ಹೆಸರಾದ ಸಂಗೀತ ಅದು. ಬ್ಯಾಂಜೊ, ಫಿಡಲ್, ಮ್ಯಾಂಡೊಲಿನ್, ಗಿಟಾರ್, ಆಳೆತ್ತರದ ಬಾಸ್ ಹಿಡಿದ ಐವರು ಒಂದೇ ಮೈಕ್ ಸುತ್ತ ನಿಲ್ಲುವ ಪದ್ಧತಿ ಅವರಲ್ಲಿ ಇಂದಿಗೂ ಇದೆ. ಸರದಿ ಬಂದವರು ಮುಂದೆ ಸರಿಯುತ್ತಾರೆ, ಉಳಿದವರು ಹಿಂದೆ. ಮುಮ್ಮೇಳ–ಹಿಮ್ಮೇಳ ಗೊತ್ತಿರುವ ನಮಗೆ ಇದೇನು ಹೊಸದೆ? ನಮ್ಮವರು ಚಾಪೆಯ ಮೇಲೆ ಕೂಡುವುದರಿಂದ ತುಸು ಬಾಗಿದರೂ ಸಾಕು.

ಬೇಕಾದದ್ದು ಅಗಲ ಮುಖದ ಒಂದು ಕಂಡೆನ್ಸರ್ ಮೈಕ್, ಅಂದರೆ ವಿದ್ಯುತ್ ಕೊಟ್ಟರಷ್ಟೇ ನಡೆಯುವ ಸೂಕ್ಷ್ಮ ಮೈಕ್. ದನಿಗಳನ್ನು ಹೊಂದಿಸುವ ಮಿಕ್ಸರ್‌ನಲ್ಲಿ ಆ ವಿದ್ಯುತ್ ಕಳಿಸುವ 48 ವೋಲ್ಟಿನ ಗುಂಡಿ ಒತ್ತದಿದ್ದರೆ ಅದು ಮೂಕ. 'ಮೈಕ್ ಕೆಟ್ಟಿದೆ' ಎಂದು ಎತ್ತಿಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಹಿಂಬದಿಯ ಸದ್ದು ಹಿಡಿಯದಂತೆ ಮೈಕನ್ನು ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ 'ಕಾರ್ಡಿಯಾಯ್ಡ್' ಸೆಟ್ಟಿಂಗ್‌ಗೆ ಇಡಬೇಕು. ಮುಮ್ಮೇಳದವರ ಕೈಯಲ್ಲೇ ಏಕತಾರಿ ಇರುವುದರಿಂದ ಮೈಕನ್ನು ಬಾಯಿಗೂ ಏಕತಾರಿಯ ಬುರುಡೆಗೂ ನಡುವಿನ ಎತ್ತರಕ್ಕೆ, ಒಂದು ಮೊಳ ದೂರದಲ್ಲಿ ನಿಲ್ಲಿಸಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ಹಾರ್ಮೋನಿಯಂ ಮೂರು ಅಡಿ, ತಬಲಾ ಐದು ಅಡಿ, ತಾಳ ಮತ್ತು ದಮ್ಮಡಿ (ಚರ್ಮದ ಕೈವಾದ್ಯ) ಆರು ಅಡಿ ದೂರ ಇರಲಿ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ತಗ್ಗುತ್ತದೆ, ಮಿಕ್ಸರ್ ಮಾಡುವ ಕೆಲಸವನ್ನು ಚಾಪೆಯೇ ಮಾಡುತ್ತದೆ. ಸ್ಪೀಕರ್‌ಗಳು ಮೈಕ್‌ಗಿಂತ ಎಂಟು–ಹತ್ತು ಅಡಿ ಮುಂದಿರಬೇಕು. ಹಾಡುಗಾರರತ್ತ ಮುಖ ಮಾಡಿದ ಸ್ಪೀಕರ್ (ಮಾನಿಟರ್) ಬೇಡವೇ ಬೇಡ, ಇಷ್ಟು ಹತ್ತಿರ ಕೂತವರಿಗೆ ಒಬ್ಬರದು ಒಬ್ಬರಿಗೆ ಕೇಳುತ್ತದೆ. ಗಾಳಿಯ ದಬದಬ ತಡೆಯಲು ಮೈಕ್‌ಗೆ ಸ್ಪಂಜಿನ ಟೋಪಿ ಹಾಕಿ, ಮಿಕ್ಸರ್‌ನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಸದ್ದನ್ನು ಕತ್ತರಿಸಿ.

ಶ್ರುತಿಯದು ಬೇರೆಯೇ ತಕರಾರು. ನಮ್ಮ ಬಿಸಿಲಿಗೆ ಉಕ್ಕಿನ ತಂತಿ ಹಿಗ್ಗಿ ಏಕತಾರಿ ಇಳಿಯುತ್ತದೆ, ದಮ್ಮಡಿಯ ಚರ್ಮ ಒಣಗಿ ಬಿಗಿದು ಏರುತ್ತದೆ. ರಾತ್ರಿ ತಂಪಾದಂತೆ ಎರಡೂ ತಿರುವುಮುರುವು. ಮನೆಯಲ್ಲಿ ಕೂಡಿಸಿ ತಂದ ಶ್ರುತಿ ಪೆಂಡಾಲಿನಲ್ಲಿ ನಿಲ್ಲದಿರುವುದು ಇದರಿಂದ. ವಾದ್ಯಗಳನ್ನು ಅರ್ಧ ಗಂಟೆ ಮೊದಲೇ ವೇದಿಕೆಗೆ ತಂದಿಟ್ಟು, ಆಮೇಲೆ ಹಾರ್ಮೋನಿಯಂಗೆ ಕೂಡಿಸಬೇಕು. ಹ್ಯಾಲೊಜನ್ ದೀಪ ವಾದ್ಯಗಳ ನೆತ್ತಿಯ ಮೇಲೆ ಬೇಡ. ಶ್ರಾವಣದ ತೇವಕ್ಕೆ ದಮ್ಮಡಿ ಸಡಿಲಾಗುತ್ತದೆ, ಕಾಯಿಸಿದ ಇನ್ನೊಂದು ಪಕ್ಕದಲ್ಲಿರಲಿ.

ಇನ್ನು ರಾತ್ರಿಯ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಾದ್ಯ ನುಡಿಸುವಂತೆಯೂ ಇಲ್ಲ. ಹಬ್ಬಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ 12ರವರೆಗೆ ಮಾತ್ರ ಸಡಿಲಿಸಬಹುದು. ಇದನ್ನೇ ನೆಪ ಮಾಡಿ ಹತ್ತಕ್ಕೆ ಮೇಳವನ್ನು ಎಬ್ಬಿಸಿ ಕಳಿಸುವ ಸಮಿತಿಗಳಿವೆ. ಈ ನಿರ್ಬಂಧ ಇರುವುದು ಧ್ವನಿವರ್ಧಕಕ್ಕೆ, ವಾದ್ಯಕ್ಕೆ; ಬರಿಗಂಟಲಿನ ಪದಕ್ಕಲ್ಲ. ಸ್ವಿಚ್ ಆರಿಸಿ, ವಾದ್ಯ ಬದಿಗಿಟ್ಟು, ಜನರನ್ನು ಹತ್ತಿರ ಕರೆದು ಹಾಡಿದರೆ ಗುಡಿಯ ಅಂಗಳದಲ್ಲಿ ನೂರು ಮಂದಿಗೆ ಪದ ಕೇಳುತ್ತದೆ.

ಜಾತ್ರಾ ಸಮಿತಿಯವರು ಸೌಂಡಿನವರಿಗೆ ಮುಂಗಡ ಕೊಡುವಾಗಲೇ ಇಷ್ಟು ಹೇಳಲಿ: ಕಂಡೆನ್ಸರ್ ಮೈಕ್ ಒಂದು, ಗಿಡ್ಡ ಸ್ಟ್ಯಾಂಡ್ ಒಂದು, ಸಣ್ಣ ಸ್ಪೀಕರ್ ಎರಡು. ಬಾಡಿಗೆಯೂ ಇಳಿದೀತು.

– ತತ್ವಪದ ಭಜನಾ ಮೇಳದ ಹಾಡುಗಾರರು, ಜೇವರ್ಗಿ ತಾಲ್ಲೂಕು, ಕಲಬುರಗಿ ಜಿಲ್ಲೆ