ಕೊಳೆ ಕೂತಿದ್ದಕ್ಕೆ ಏಳು ಸಾವಿರವೇ?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಸುಮನಹಳ್ಳಿ ಫ್ಲೈಓವರ್ ಹತ್ತುವಾಗ ನನ್ನ ಬೈಕ್ ನಿಂತುಹೋಯಿತು. ಮೀಟರ್‌ನಲ್ಲಿ ಇನ್ನೂ ಮೂರು ಗೆರೆ ಪೆಟ್ರೋಲ್ ತೋರಿಸುತ್ತಿತ್ತು. ಗಾಡಿ ಅಲ್ಲಾಡಿಸಿದರೆ ಟ್ಯಾಂಕಿನಲ್ಲಿ ಸದ್ದೇ ಇಲ್ಲ! ಈ ವಯಸ್ಸಿನಲ್ಲಿ, ಹಿಂದಿನವರ ಹಾರ್ನ್ ಕೇಳಿಕೊಂಡು, ಬಂಕ್‌ವರೆಗೆ ತಳ್ಳಿದೆ. ಹಳೇ ಗಾಡಿಗಳಲ್ಲಾದರೆ ರಿಸರ್ವ್‌ಗೆ ತಿರುಗಿಸಿ ಮನೆ ಸೇರುತ್ತಿದ್ದೆವು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಫ್ಯೂಯೆಲ್ ಇಂಜೆಕ್ಷನ್, ಅಂದರೆ ಟ್ಯಾಂಕಿನೊಳಗಿನ ಪಂಪ್ ಪೆಟ್ರೋಲನ್ನು ಇಂಜಿನ್ನಿಗೆ ಒತ್ತಿ ಚಿಮ್ಮಿಸುತ್ತದೆ. ನನ್ನದಕ್ಕೂ ಅದೇ, ರಿಸರ್ವ್ ಇಲ್ಲ. ಮೀಟರ್ ಹೇಳಿದ್ದನ್ನೇ ನಂಬಬೇಕು. ಖಾಲಿ ಟ್ಯಾಂಕಿನಲ್ಲಿ ಓಡಿಸಿದರೆ ಪಂಪ್‌ಗೂ ಪೆಟ್ಟು, ಅದನ್ನು ತಣ್ಣಗಿಡೋದೇ ಪೆಟ್ರೋಲ್ ಅಲ್ವಾ?

ಸರ್ವೀಸ್ ಸೆಂಟರ್‌ನಲ್ಲಿ ಗಾಡಿಯನ್ನು ಬಿಚ್ಚಿ ಸಹ ನೋಡಲಿಲ್ಲ. "ಪೆಟ್ರೋಲ್ ಮಟ್ಟ ಅಳೆಯೋ ಸೆನ್ಸರ್ ಒಂದೇ ಬರಲ್ಲ ಸಾರ್, ಪಂಪ್ ಸಮೇತ ಸೆಟ್ ಹಾಕ್ಬೇಕು, ಏಳು ಸಾವಿರ ಚಿಲ್ಲರೆ" ಅಂದರು. ಪಂಪ್ ಚೆನ್ನಾಗೇ ಇದೆಯಲ್ಲಪ್ಪಾ!

ಪೀಣ್ಯದಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದವನು ನಾನು. ಮನೆಗೆ ತಂದು ಟ್ಯಾಂಕ್ ಕೆಳಗಿನ ಕನೆಕ್ಟರ್ ಬಿಚ್ಚಿದೆ. ನಾಲ್ಕು ವೈರು: ಎರಡು ಪಂಪಿನವು, ಎರಡು ಸೆನ್ಸರ್‌ನವು. ಸೆನ್ಸರ್ ವೈರುಗಳಿಗೆ ಎಸ್.ಪಿ. ರೋಡಿನ ನನ್ನ ಹಳೇ ಮಲ್ಟಿಮೀಟರ್ ಹಿಡಿದರೆ 42 ಓಮ್ (ಕರೆಂಟಿಗೆ ಎಷ್ಟು ತಡೆ ಅನ್ನೋ ಅಳತೆ). ಐದು ಲೀಟರ್ ಸುರಿದೆ. ಆಗಲೂ 42! ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಸೆನ್ಸರ್ ಅಂದರೆ ಇನ್ನೇನಲ್ಲ, ಮನೆ ಮೇಲಿನ ಸಿಂಟೆಕ್ಸ್‌ನಲ್ಲಿ ಬಾಲ್ ತೇಲುತ್ತದಲ್ಲ, ಅದರ ತಮ್ಮ. ಬಾಲ್ ಕಟ್ಟಿದ ಕಡ್ಡಿ ಮೇಲೆ ಕೆಳಗೆ ಆಡಿದಂತೆ ಓಮ್ ಬದಲಾಗಬೇಕು. ನನ್ನದು ಅರ್ಧದಲ್ಲೇ ಕಚ್ಚಿಕೊಂಡಿತ್ತು.

ಬ್ಯಾಟರಿ ತಪ್ಪಿಸಿ, ಪೆಟ್ರೋಲ್ ಪೂರ್ತಿ ಇಳಿಸಿ, ಅಂಗಳದಲ್ಲೇ ಬಿಚ್ಚಿದೆ. "ಸಂಜೆ ದೀಪ ಹಚ್ಚೋದ್ರೊಳಗೆ ಮುಗಿಸ್ಬಿಡಿ" ಅಂತ ಮನೆಯವರು ಎರಡು ಸಲ ಬಂದು ಹೇಳಿ ಹೋದರು, ಸರಿಯೇ. ಕಡ್ಡಿಯ ಬುಡದಲ್ಲಿ ಬೆಲ್ಲದ ಪಾಕದಂಥ ಅಂಟು. ಮಗಳ ಬಾಣಂತನಕ್ಕೆ ನಾಲ್ಕು ತಿಂಗಳು ಮಂಡ್ಯದಲ್ಲಿದ್ದಾಗ ಗಾಡಿ ಸುಮ್ನೆ ನಿಂತಿತ್ತು, ಪೆಟ್ರೋಲ್ ಕೆಟ್ಟು ಅಂಟಾಗಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹತ್ತಿಯಲ್ಲಿ ಮೆಲ್ಲಗೆ ಒರೆಸಿದೆ. ಕಡ್ಡಿ ಎತ್ತಿದರೆ 8 ಓಮ್, ಬಿಟ್ಟರೆ ಸರಾಗವಾಗಿ ಇಳಿದು 96. ಜೆ.ಸಿ. ರೋಡಿನಿಂದ ಹೊಸ ರಬ್ಬರ್ ರಿಂಗ್ ತಂದು ಕೂರಿಸಿದೆ. ಒಟ್ಟು ಖರ್ಚು 430 ರೂಪಾಯಿ, ಕ್ಲೀನರ್ ಇನ್ನೂ ಮುಕ್ಕಾಲು ಡಬ್ಬ ಉಳಿದಿದೆ.

ಕೊಂಡ ವಸ್ತುವನ್ನು ನಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ, ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ ಶುರು ಮಾಡಿತು. ವಾಹನಗಳೂ ಅದರಲ್ಲಿ ಸೇರಿವೆ. ಆದರೆ ನನ್ನ ಗಾಡಿಯ ಪುಸ್ತಕದಲ್ಲಿ ಹೆಲ್ಮೆಟ್ ಹಾಕುವ ಚಿತ್ರ ಇದೆ, ಈ 8 ಮತ್ತು 96 ಇಲ್ಲ. ಕಂಪನಿಗಳು ಆ ಎರಡು ಅಂಕಿ ಅಚ್ಚು ಹಾಕಲಿ, ಸೆನ್ಸರ್ ಬಿಡಿಯಾಗಿ ಮಾರಲಿ. ಆಗ ಬೀದಿ ಬದಿಯ ಮೆಕ್ಯಾನಿಕ್ಕೂ ಹತ್ತು ನಿಮಿಷದಲ್ಲಿ ಪತ್ತೆ ಹಚ್ಚುತ್ತಾನೆ.

ಇಂತಿ,
ಒಬ್ಬ ನಿವೃತ್ತ ಫಿಟ್ಟರ್
ಕಾಮಾಕ್ಷಿಪಾಳ್ಯ, ಬೆಂಗಳೂರು